ನಿಮ್ಮ ಡ್ರೈವರ್ ಲಿನಕ್ಸ್ ಕರ್ನಲ್‌ನಲ್ಲಿ ಎಲ್ಲಿರಬೇಕು?

ಸೆನ್ಸರ್‌ಗೆ ಡ್ರೈವರ್ ಬರೆದಾಯಿತು, ಬೋರ್ಡ್ ಮೇಲೆ ಓಡುತ್ತಲೂ ಇದೆ. ಈಗ ಕರ್ನಲ್‌ನ ಯಾವ ಫೋಲ್ಡರ್‌ಗೆ ಹಾಕೋದು? ಚಿಪ್ ಐ2ಸಿ ಬಸ್‌ನಲ್ಲಿದೆ (ಚಿಪ್‌ಗಳನ್ನು ಎರಡು ತಂತಿಗಳಿಂದ ಜೋಡಿಸುವ ದಾರಿ), ಹಾಗಾಗಿ ಐ2ಸಿ ಫೋಲ್ಡರ್‌ಗೇ ಹೋಗಲಿ ಅಂತ ಅನಿಸುತ್ತದೆ, ಅಲ್ವಾ? ಅದು ತಪ್ಪು. ಆ ಫೋಲ್ಡರ್ ಇರುವುದು ಬಸ್ಸನ್ನು ನಡೆಸುವ ಕೋಡಿಗೆ. ಚಿಪ್ ಎಲ್ಲಿ ಸಿಕ್ಕಿಸಿದೆ ಅನ್ನುವುದನ್ನು ಬಿಡಿ, ಅದು ಏನು ಕೆಲಸ ಮಾಡುತ್ತದೆ ಅನ್ನುವುದನ್ನು ನೋಡಿ.

ಅದಕ್ಕೂ ಮೊದಲು, ಇದು ಕರ್ನಲ್ ಒಳಗೆ ಬರಲೇಬೇಕಾ? ಆಗೊಮ್ಮೆ ಈಗೊಮ್ಮೆ ಒಂದು ರಿಜಿಸ್ಟರ್ ಓದೋದಕ್ಕೆ ಐ2ಸಿ-ಡೆವ್ ಸಾಕು, ಯುಎಸ್‌ಬಿ ಸಾಧನವಾದರೆ ಲಿಬ್‌ಯುಎಸ್‌ಬಿ ಇದೆ; ಇವುಗಳಿಂದ ಕರ್ನಲ್ ಹೊರಗಿನ ಮಾಮೂಲಿ ಪ್ರೋಗ್ರಾಂ ಕೂಡ ಚಿಪ್ ಜೊತೆ ಮಾತಾಡಬಹುದು. ಹೊರಗಿನ ಪ್ರೋಗ್ರಾಂ ಕೆಟ್ಟರೆ ಅದೊಂದೇ ನಿಲ್ಲುತ್ತದೆ, ಕರ್ನಲ್ ಒಳಗಿನ ತಪ್ಪು ಇಡೀ ಸಿಸ್ಟಂ ಬೀಳಿಸಬಹುದು. ಇಂಟರಪ್ಟ್ (ಚಿಪ್ ಸಿಪಿಯುವನ್ನು ಕರೆಯುವ ಸಂಕೇತ), ಡಿಎಂಎ (ಸಿಪಿಯು ಕೈಹಾಕದೆ ಡೇಟಾ ನೇರ ಮೆಮೊರಿಗೆ ಹೋಗುವುದು) ಬೇಕಿದ್ದರೆ ಒಳಗೇ ಬರಲಿ.

ಈಗ ಜಾಗ. ಎಲ್‌ಎಂ75, ಡಿಹೆಚ್‌ಟಿ11 ಎರಡೂ ತಾಪಮಾನ ಅಳೆಯುತ್ತವೆ, ಆದರೂ ಬೇರೆ ಬೇರೆ ಕಡೆ ಇವೆ. ಎಲ್‌ಎಂ75 ಇರುವುದು ಹೆಚ್‌ಡಬ್ಲ್ಯೂಮಾನ್‌ನಲ್ಲಿ, ಯಾಕಂದ್ರೆ ಆ ಫೋಲ್ಡರ್ ಯಂತ್ರದ ಆರೋಗ್ಯ ನೋಡುವುದಕ್ಕೆ: ಬೋರ್ಡ್ ಎಷ್ಟು ಬಿಸಿ, ಫ್ಯಾನ್ ತಿರುಗುತ್ತಿದೆಯಾ, ವೋಲ್ಟೇಜ್ ಸರಿಯಿದೆಯಾ. ಡಿಹೆಚ್‌ಟಿ11 ಕೋಣೆಯ ಗಾಳಿಯನ್ನು ಅಳೆಯುತ್ತದೆ, ಅದು ಐಐಒದ (ಹೊರಜಗತ್ತನ್ನು ಅಳೆಯುವ ಸೆನ್ಸರ್‌ಗಳ ವಿಭಾಗ) ಹ್ಯುಮಿಡಿಟಿ ಫೋಲ್ಡರ್‌ನಲ್ಲಿದೆ. ವೇಗವಾಗಿ ಸ್ಯಾಂಪಲ್ ತೆಗೆಯಲು ಬೇಕಾದ ಬಫರ್, ಟ್ರಿಗರ್ ಕೂಡ ಐಐಒದಲ್ಲೇ ಸಿಗುತ್ತವೆ. ಎರಡರ ನಡುವೆ ತೂಗಾಡುತ್ತಿದ್ದರೆ ನಾನು ಐಐಒ ಅನ್ನುತ್ತೇನೆ, ಅಲ್ಲಿನ ಅಳತೆಯನ್ನು ಹೆಚ್‌ಡಬ್ಲ್ಯೂಮಾನ್‌ಗೆ ದಾಟಿಸುವ ಸೇತುವೆ ಡ್ರೈವರ್ ಕರ್ನಲ್‌ನಲ್ಲೇ ಇದೆ.

ಒಂದೇ ಚಿಪ್ ಹಲವು ಕೆಲಸ ಮಾಡಿದರೆ ಕೋಡನ್ನು ಒಡೆಯಿರಿ. ಟಿಪಿಎಸ್65910 ಪವರ್ ಚಿಪ್ ನೋಡಿ: ಮೂಲ ಭಾಗ ಎಂಎಫ್‌ಡಿಯಲ್ಲಿ (ಹಲವು ಕೆಲಸ ಮಾಡುವ ಚಿಪ್‌ಗಳ ಫೋಲ್ಡರ್), ರೆಗ್ಯುಲೇಟರ್, ಗಡಿಯಾರ, ಜಿಪಿಐಒ (ಸಾಮಾನ್ಯ ಬಳಕೆಯ ಪಿನ್‌ಗಳು) ತಂತಮ್ಮ ಫೋಲ್ಡರ್‌ಗಳಲ್ಲಿ.

ಎಲ್ಲೂ ಸೇರದವುಗಳಿಗೆಂದು ಇರುವ ಮಿಸ್ಕ್ ಫೋಲ್ಡರ್‌ಗೆ ಸುಮ್ನೆ ತುರುಕಬೇಡಿ. ಅಲ್ಲಿ ಎಲ್ಲರಿಗೂ ಸಲ್ಲುವ ಒಂದು ಇಂಟರ್‌ಫೇಸ್ ಇಲ್ಲ. ನೀವು ನಿಮ್ಮದೇ ಒಂದನ್ನು ಕಟ್ಟುತ್ತೀರಿ, ಅದನ್ನು ಬಳಸಲು ಪ್ರತಿ ಪ್ರೋಗ್ರಾಂನವರೂ ಬೇರೆ ಕೋಡ್ ಬರೆಯಬೇಕು, ಮತ್ತು ಒಮ್ಮೆ ಜನ ಬಳಸಲು ಶುರು ಮಾಡಿದರೆ ಬದಲಾಯಿಸಲೂ ಆಗುವುದಿಲ್ಲ. ಕೋಡ್ ಇನ್ನೂ ಅರೆಬೆಂದಿದ್ದರೆ 2008ರಿಂದ ಸ್ಟೇಜಿಂಗ್ ಇದೆ, ಅದು ಇನ್ನೂ ಸಿದ್ಧವಾಗದ ಡ್ರೈವರ್‌ಗಳ ಫೋಲ್ಡರ್. ಬಾಕಿ ಕೆಲಸಗಳ ಪಟ್ಟಿಯನ್ನು ಜೊತೆಗಿಡಬೇಕು. ಐಐಒ ಕೂಡ ಅಲ್ಲೇ ಬೆಳೆದು 2012ರಲ್ಲಿ ಹೊರಬಂತು.

ಜಾಗ ಗೊತ್ತಾದ ಮೇಲೆ ಆ ಫೋಲ್ಡರ್‌ನ ಕೆಕಾನ್ಫಿಗ್ (ಬಿಲ್ಡ್ ಆಯ್ಕೆಗಳ ಫೈಲ್), ಮೇಕ್‌ಫೈಲ್ (ಯಾವುದನ್ನು ಕಂಪೈಲ್ ಮಾಡಬೇಕು ಅಂತ ಹೇಳುವ ಫೈಲ್) ಎರಡಕ್ಕೂ ಡ್ರೈವರ್ ಸೇರಿಸಿ. ಪ್ಯಾಚ್ ಮೇಲೆ ಗೆಟ್-ಮೇಂಟೇನರ್ ಸ್ಕ್ರಿಪ್ಟ್ ಓಡಿಸಿದರೆ ಯಾರಿಗೆ ಕಳಿಸಬೇಕು ಅಂತ ಅದೇ ಹೇಳುತ್ತದೆ. ಇನ್ನೂ ಅನುಮಾನ ಇದ್ದರೆ ಆ ಭಾಗವನ್ನು ನೋಡಿಕೊಳ್ಳುವ ಮೇಂಟೇನರ್‌ಗಳಿಗೆ ಚಿಪ್‌ನ ಡೇಟಾಶೀಟ್ ಕೊಂಡಿ ಹಾಕಿ ಮೊದಲೇ ಕೇಳಿಬಿಡಿ.