ಲೋಲಕದಿಂದ ಆರಂಭವಾದ ಸಂಗ್ರಹ

ವಿದ್ಯಾರ್ಥಿಗಳು ತಾವೇ ಆಡಿಸಿ ನೋಡಬಹುದಾದ ವಿಜ್ಞಾನ ಸಿಮ್ಯುಲೇಶನ್‌ಗಳ ಆನ್‌ಲೈನ್ ಸಂಗ್ರಹವನ್ನು ಕಟ್ಟಲು ಹೊರಟಾಗ ನಾನು ಮೊದಲು ಮಾಡಿದ್ದು ಸರಳ ಲೋಲಕವನ್ನು. ದಾರದ ಉದ್ದ, ಬಿಡುವ ಕೋನ, ಗುರುತ್ವ ಮತ್ತು ಗಾಳಿಯ ತಡೆಗೆ ಒಂದೊಂದು ಸ್ಲೈಡರ್, ಪಕ್ಕದಲ್ಲಿ ಒಂದು ಸ್ಟಾಪ್‌ವಾಚ್. ಪರದೆಯ ಮೇಲೆ ಗುಂಡು ಚೆನ್ನಾಗಿಯೇ ತೂಗುತ್ತಿದ್ದುದರಿಂದ ಅದನ್ನು ಪ್ರಕಟಿಸಿ ಮುಂದಿನ ವಿಷಯಕ್ಕೆ ಕೈಹಾಕಿದೆ. ಕೆಲವೇ ದಿನಗಳಲ್ಲಿ ಒಬ್ಬ ವಿದ್ಯಾರ್ಥಿನಿ ಗಾಳಿಯ ತಡೆಯನ್ನು ಸೊನ್ನೆಗೆ ಇಳಿಸಿ, ಗುಂಡನ್ನು 10 ಡಿಗ್ರಿಯಿಂದ ಬಿಟ್ಟು ನೋಡಿದಳು. ಹತ್ತು ಸೆಕೆಂಡಿನಲ್ಲಿ ಅದರ ತೂಗಾಟ 20 ಡಿಗ್ರಿಯನ್ನು ದಾಟಿತ್ತು. ಇನ್ನಷ್ಟು ಹೊತ್ತಿಗೆ ಗುಂಡು ಪೂರ್ತಿ ಸುತ್ತು ಹೊಡೆಯತೊಡಗಿತು. ಯಾರೂ ತಳ್ಳದೆ ಅದಕ್ಕೆ ಶಕ್ತಿ ಎಲ್ಲಿಂದ ಬಂತು ಎಂದು ಅವಳು ಕೇಳಿದಳು.

ಶಕ್ತಿ ಬಂದದ್ದು ನನ್ನ ಲೆಕ್ಕದಿಂದ. ಆಯ್ಲರ್ ವಿಧಾನದಲ್ಲಿ ಸೆಕೆಂಡಿಗೆ ಅರವತ್ತು ಬಾರಿ ನಾನು ಹಳೆಯ ವೇಗದಿಂದ ಹೊಸ ಸ್ಥಾನವನ್ನು, ಹಳೆಯ ಸ್ಥಾನದಿಂದ ಹೊಸ ವೇಗವನ್ನು ಕಂಡುಹಿಡಿಯುತ್ತಿದ್ದೆ. ಪ್ರತಿ ಹೆಜ್ಜೆಯಲ್ಲೂ ಉಳಿಯುವ ಸಣ್ಣ ತಪ್ಪು ಒಂದೇ ದಿಕ್ಕಿಗೆ ಬೀಳುವುದರಿಂದ ತೂಗಾಟ ಹಿಗ್ಗುತ್ತಲೇ ಹೋಗುತ್ತದೆ. ನಾನು ಪರೀಕ್ಷಿಸಿದಾಗಲೆಲ್ಲ ಗಾಳಿಯ ತಡೆ ಇದ್ದೇ ಇತ್ತು. ಅದು ಕಳೆಯುತ್ತಿದ್ದ ಶಕ್ತಿಯೂ ಲೆಕ್ಕ ಕೂಡಿಸುತ್ತಿದ್ದ ಶಕ್ತಿಯೂ ಹೆಚ್ಚುಕಡಿಮೆ ಸರಿದೂಗಿ ತಪ್ಪು ಮರೆಯಾಗಿತ್ತು. ಪರಿಹಾರ ಎರಡು ಸಾಲುಗಳದ್ದು: ಮೊದಲು ವೇಗವನ್ನು ಬದಲಿಸುವುದು, ಆಮೇಲೆ ಆ ಹೊಸ ವೇಗದಿಂದಲೇ ಸ್ಥಾನವನ್ನು ಬದಲಿಸುವುದು. ಹಾಗೆ ಮಾಡಿದಾಗ ಒಟ್ಟು ಶಕ್ತಿ ಒಂದು ಕಿರಿದಾದ ಮಿತಿಯೊಳಗೆ ಏರಿಳಿಯುತ್ತದೆಯೇ ಹೊರತು ಬೆಳೆಯುತ್ತ ಹೋಗುವುದಿಲ್ಲ.

ಆ ವೇಳೆಗೆ ಸಂಗ್ರಹದಲ್ಲಿ ಒಂಬತ್ತು ಸಿಮ್ಯುಲೇಶನ್‌ಗಳಿದ್ದವು, ಆರರಲ್ಲಿ ಇದೇ ಲೆಕ್ಕವಿತ್ತು. ಪುಸ್ತಕದಲ್ಲಿ ಓದಿದ್ದನ್ನು ಪ್ರಶ್ನಿಸುವ ಮಕ್ಕಳು ಕೂಡ ಕಣ್ಣೆದುರು ಚಲಿಸಿದ್ದನ್ನು ಸುಮ್ಮನೆ ನಂಬಿಬಿಡುತ್ತಾರೆ. ಆದ್ದರಿಂದ ಹೊಸದನ್ನು ಸೇರಿಸುವ ಕೆಲಸವನ್ನು ನಿಲ್ಲಿಸಿ, ಇದ್ದವುಗಳಿಗೆಲ್ಲ ಪರೀಕ್ಷೆಗಳನ್ನು ಬರೆಯಲು ಕುಳಿತೆ. ಉತ್ತರ ಮೊದಲೇ ಗೊತ್ತಿರುವ ಸಂದರ್ಭಗಳನ್ನು ಪ್ರತಿ ಸಿಮ್ಯುಲೇಶನ್‌ನ ಜೊತೆಗಿಟ್ಟು, ಕೋಡ್ ಬದಲಾದಾಗಲೆಲ್ಲ ಅವು ತಾವಾಗಿಯೇ ನಡೆಯುವಂತೆ ಮಾಡಿದೆ. 1 ಮೀಟರ್ ಉದ್ದದ ಲೋಲಕವನ್ನು ಸಣ್ಣ ಕೋನದಿಂದ ಬಿಟ್ಟರೆ ಒಂದು ಆಂದೋಲನಕ್ಕೆ 2.01 ಸೆಕೆಂಡು ಬೇಕು, ಗುರುತ್ವ 1.62 ಮೀ/ಸೆ² ಇರುವ ಚಂದ್ರನ ಮೇಲೆ ಅದೇ ಲೋಲಕಕ್ಕೆ 4.94 ಸೆಕೆಂಡು, ಭೂಮಿಯ ಮೇಲೇ 90 ಡಿಗ್ರಿಯಿಂದ ಬಿಟ್ಟರೆ 2.37 ಸೆಕೆಂಡು. ಕೊನೆಯ ಅಂಕಿ ನನಗೆ ಬಹಳ ಪ್ರಿಯವಾದದ್ದು. ಪಠ್ಯಪುಸ್ತಕದ ಸೂತ್ರ ಸಣ್ಣ ಕೋನಗಳಿಗೆ ಮಾತ್ರ ಒಪ್ಪುತ್ತದೆ ಎಂಬುದನ್ನು ವಿದ್ಯಾರ್ಥಿ ಸ್ಟಾಪ್‌ವಾಚ್ ಹಿಡಿದು ತಾನೇ ಕಂಡುಕೊಳ್ಳಲಿ ಎಂದು ನಾನು ಕೋನದ ಸ್ಲೈಡರನ್ನು 15 ಡಿಗ್ರಿಗೆ ನಿಲ್ಲಿಸದೆ ಪೂರ್ತಿ ತೆರೆದಿಟ್ಟಿದ್ದೇನೆ.

ಈ ಪರೀಕ್ಷೆಗಳ ಕಣ್ಣಿಗೂ ಬೀಳದ ದೋಷವೊಂದು ಮುಂದೆ ಹೊರಬಿತ್ತು. ಪರದೆ ಒಮ್ಮೆ ಹೊಸದಾದರೆ ಕಾಲ ಅರವತ್ತನೇ ಒಂದು ಸೆಕೆಂಡಿನಷ್ಟು ಸರಿಯಿತೆಂದು ನನ್ನ ಕೋಡ್ ಎಣಿಸುತ್ತಿದ್ದುದರಿಂದ, ಸೆಕೆಂಡಿಗೆ 120 ಬಾರಿ ಹೊಸದಾಗುವ ಪರದೆಗಳಲ್ಲಿ ಎಲ್ಲವೂ ಇಮ್ಮಡಿ ವೇಗದಲ್ಲಿ ಓಡಿತು. ಈಗ ಭೌತಿಕ ಲೆಕ್ಕ ನಿಗದಿತ ಹೆಜ್ಜೆಯಲ್ಲಿ, ನಿಜವಾದ ಗಡಿಯಾರದ ಪ್ರಕಾರ ಸಾಗುತ್ತದೆ. ಚಿತ್ರ ಬಿಡಿಸುವುದು ಬೇರೆಯೇ ಕೆಲಸ. ಸ್ಲೈಡರ್, ಆಲೇಖ, ಸ್ಟಾಪ್‌ವಾಚ್‌ಗಳನ್ನೂ ಆಗಲೇ ಸಾಮಾನ್ಯ ಭಾಗಗಳಾಗಿ ಬೇರ್ಪಡಿಸಿದೆ. ಒಂದು ಸ್ಲೈಡರನ್ನು ಕೀಲಿಮಣೆಯಿಂದ ಆಡಿಸುವಂತೆ ಮಾಡಿದರೆ ಸಂಗ್ರಹದ ಎಲ್ಲ ಸ್ಲೈಡರ್‌ಗಳೂ ಹಾಗಾಗುತ್ತವೆ. ಸಂಗ್ರಹ ಬೇಗ ಬೆಳೆದದ್ದು ಈ ಬದಲಾವಣೆಯ ನಂತರವೇ.

ಲೆಕ್ಕ ಸರಿಯಿದ್ದೂ ಚಿತ್ರ ದಾರಿ ತಪ್ಪಿಸಬಹುದು. ವಿದ್ಯುತ್ ಮಂಡಲದ ಸಿಮ್ಯುಲೇಶನ್‌ನಲ್ಲಿ ಎಲೆಕ್ಟ್ರಾನುಗಳು ತಂತಿಯುದ್ದಕ್ಕೂ ಸರಸರನೆ ಓಡುವಂತೆ ತೋರಿಸಿದ್ದೆ. ವಾಸ್ತವದಲ್ಲಿ 1 ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಯಲ್ಲಿ 1 ಆಂಪಿಯರ್ ವಿದ್ಯುತ್ ಹರಿಯುವಾಗ ಎಲೆಕ್ಟ್ರಾನುಗಳು ಸರಾಸರಿ ಸೆಕೆಂಡಿಗೆ ಸುಮಾರು 0.07 ಮಿಲಿಮೀಟರ್ ಮಾತ್ರ ಸರಿಯುತ್ತವೆ; ಒಂದು ಮೀಟರ್ ಸಾಗಲು ನಾಲ್ಕು ಗಂಟೆಯ ಹತ್ತಿರ ಬೇಕು. ಅದನ್ನು ಹಾಗೆಯೇ ತೋರಿಸಿದರೆ ನೋಡುವವರಿಗೆ ಚಲನೆಯೇ ಕಾಣದು. ವೇಗವನ್ನು ಎಷ್ಟು ಪಟ್ಟು ಹೆಚ್ಚಿಸಿದ್ದೇನೆ ಎಂಬುದನ್ನು ಈಗ ಚಿತ್ರದ ಮೇಲೆಯೇ ಬರೆದಿದ್ದೇನೆ. ಪ್ರತ್ಯೇಕ ಸಹಾಯ ಪುಟದಲ್ಲಿ ಇಟ್ಟದ್ದನ್ನು ಯಾರೂ ತೆರೆದು ಓದುವುದಿಲ್ಲ.

ಬೇರೆ ಭಾಷೆಗಳಿಗೆ ತರುವುದು ಸುಲಭವಾಗಲೆಂದು ಪರದೆಯ ಮೇಲಿನ ಪದಗಳನ್ನೆಲ್ಲ ಕೋಡ್‌ನಿಂದ ಹೊರಗೆ, ಬೇರೆ ಕಡತದಲ್ಲಿ ಇಟ್ಟಿದ್ದೆ. ಕನ್ನಡ ಆವೃತ್ತಿಯಲ್ಲಿ ‘ದ್ರವ್ಯರಾಶಿ’ ಇರಬೇಕಾದ ಕಡೆ, ಗುಂಡಿಯ ಮೇಲೆ ಜಾಗ ಸಾಲದೆಂದು, ‘ತೂಕ’ ಎಂಬ ಪದ ಸೇರಿಕೊಂಡಿತ್ತು. ಭೂಮಿಯ ದೃಶ್ಯದಲ್ಲಿ ಅದು ಯಾರಿಗೂ ತಪ್ಪಾಗಿ ತೋರಲಿಲ್ಲ. ಚಂದ್ರನನ್ನು ಆರಿಸಿದ ಮೇಲೂ ‘ತೂಕ 2 ಕಿಲೋಗ್ರಾಂ’ ಎಂದೇ ಉಳಿದಾಗ, ದ್ರವ್ಯರಾಶಿ ಎಲ್ಲಿಯೂ ಒಂದೇ, ಗುರುತ್ವದೊಂದಿಗೆ ಬದಲಾಗುವುದು ತೂಕ ಎಂದು ಆ ಸಿಮ್ಯುಲೇಶನ್ ಕಲಿಸಬೇಕಿದ್ದ ಮುಖ್ಯ ಸಂಗತಿಯೇ ತಲೆಕೆಳಗಾಗಿತ್ತು. ಗುಂಡಿಯನ್ನು ಅಗಲ ಮಾಡಿದೆ. ಅಂದಿನಿಂದ ಅನುವಾದವನ್ನು ಆ ವಿಷಯ ಬೋಧಿಸುವವರೊಬ್ಬರು ಎಲ್ಲ ಸ್ಲೈಡರ್‌ಗಳನ್ನೂ ಎರಡು ತುದಿಗಳವರೆಗೆ ಎಳೆದು ನೋಡಿದ ನಂತರವೇ ಪ್ರಕಟಿಸುತ್ತೇನೆ.

ಸದ್ಯ ಸಂಗ್ರಹದಲ್ಲಿ ನಲವತ್ತೊಂದು ಸಿಮ್ಯುಲೇಶನ್‌ಗಳಿವೆ. ಅನಿಲದ ಅಣುಗಳದ್ದೊಂದು ಸಿದ್ಧವಿದ್ದರೂ, ಪೆಟ್ಟಿಗೆಯನ್ನು ತೀರ ಬೇಗ ಕುಗ್ಗಿಸಿದಾಗ ಕೆಲವು ಅಣುಗಳು ಗೋಡೆಯನ್ನು ದಾಟಿ ಹೊರಗೆ ಹೋಗುತ್ತಿವೆ. ಅದು ಸರಿಯಾಗುವವರೆಗೆ ಅದನ್ನು ಪ್ರಕಟಿಸುವುದಿಲ್ಲ.