ಕೇಳಿಸಿಕೊಳ್ಳುವ ಪಾತ್ರ: ಪೋಷಕ ನಟಿಯಾಗಿ ನನ್ನ ಅನುಭವ

ನಾನು ಕ್ಯಾಮೆರಾ ಮುಂದೆ ಬಂದಿದ್ದೇ ನಲವತ್ತು ದಾಟಿದ ಮೇಲೆ. ಅಲ್ಲಿವರೆಗೂ ಬರೀ ನಾಟಕ. ಮೊದಲ ಸಿನಿಮಾದಲ್ಲಿ ಸಿಕ್ಕಿದ್ದು ನಾಯಕನ ತಾಯಿಯ ಪಾತ್ರ, ಒಟ್ಟು ನಾಲ್ಕು ಸೀನ್. ಅದರಲ್ಲಿ ದೊಡ್ಡದು ಆಸ್ಪತ್ರೆ ಸೀನ್. ಅಪ್ಪ ಹೋಗಿಬಿಟ್ಟರು ಅಂತ ಮಗ ಬಂದು ಹೇಳುತ್ತಾನೆ. ಅವನಿಗೆ ಒಂದು ಪುಟ ಮಾತು, ನನಗೆ ಒಂದೂ ಇಲ್ಲ. ಹಿಂದಿನ ರಾತ್ರಿ ಕನ್ನಡಿ ಮುಂದೆ ಕೂತು ಅಳುವುದನ್ನು ಅಭ್ಯಾಸ ಮಾಡಿದ್ದೆ. ಶಾಟ್ ಮುಗಿದಾಗ ಸೆಟ್‌ನಲ್ಲಿ ಚಪ್ಪಾಳೆ ಬಿತ್ತು.

ಬೇರೆ ಸೀನ್‌ಗಳ ಡಬ್ಬಿಂಗ್‌ಗೆ ಹೋದಾಗ ನೋಡಿದರೆ ಆ ಸೀನ್‌ನಲ್ಲಿ ನನ್ನ ಕ್ಲೋಸೇ, ಅಂದರೆ ಮುಖವನ್ನು ಹತ್ತಿರದಿಂದ ತೋರಿಸುವ ಶಾಟೇ ಇಲ್ಲ. ಬರೀ ಬೆನ್ನು ಕಾಣುತ್ತಿತ್ತು. ತಡೆಯಲಾಗದೆ ಎಡಿಟರ್ ಹತ್ತಿರ ಹೋಗಿ ಕೇಳಿದೆ. ಅವರು ಬೇಜಾರು ಮಾಡಿಕೊಳ್ಳದೆ ಶಾಟ್ ಹಾಕಿ ತೋರಿಸಿದರು. "ನೋಡಿ ಮೇಡಂ, ಅವನು ಇನ್ನೂ 'ಅಪ್ಪ' ಅಂದಿದ್ದಾನೆ ಅಷ್ಟೇ. ಆಗಲೇ ನಿಮ್ಮ ಕಣ್ಣು ತುಂಬಿಬಿಟ್ಟಿದೆ. ಸೀನ್‌ನಲ್ಲಿ ಏನಾಗುತ್ತೆ ಅಂತ ನಿಮಗೆ ಗೊತ್ತು. ಆ ತಾಯಿಗೆ ಗೊತ್ತಿಲ್ಲ ಅಲ್ವಾ?"

ಫ್ರೇಮ್ ಫ್ರೇಮ್ ಆಗಿ ಎಳೆದು ತೋರಿಸಿದರು. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ನಾನು 12 ಫ್ರೇಮ್ ಮುಂದಿದ್ದೆ. ಬರೀ ಅರ್ಧ ಸೆಕೆಂಡು! ನಾಟಕದಲ್ಲಿ ಆ ಅರ್ಧ ಸೆಕೆಂಡು ಯಾರ ಕಣ್ಣಿಗೂ ಬೀಳುವುದಿಲ್ಲ. ಕ್ಲೋಸ್‌ನಲ್ಲಿ ಮುಖ ಪರದೆ ತುಂಬ ಇರುತ್ತದೆ, ಸುಳ್ಳು ತಕ್ಷಣ ಸಿಕ್ಕಿಬೀಳುತ್ತದೆ. ಅವರೇ ಅವತ್ತು ಕುಲೆಶೋವ್ ಪ್ರಯೋಗದ ವಿಷಯ ಹೇಳಿದರು. ಸುಮಾರು ನೂರು ವರ್ಷದ ಹಿಂದೆ ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ಒಬ್ಬ ನಟನ ಒಂದೇ ಮುಖವನ್ನು ಬೇರೆ ಬೇರೆ ಶಾಟ್‌ಗಳ ಪಕ್ಕ ಜೋಡಿಸಿದರು. ಸೂಪಿನ ತಟ್ಟೆಯ ಪಕ್ಕ ಇಟ್ಟರೆ ಹಸಿವು ಕಂಡಿತು, ಶವಪೆಟ್ಟಿಗೆಯ ಪಕ್ಕ ಇಟ್ಟರೆ ದುಃಖ ಕಂಡಿತು. ಮುಖ ಮಾತ್ರ ಅದೇ. "ನೀವು ಸುಮ್ನೆ ಕೇಳಿಸಿಕೊಳ್ಳಿ ಮೇಡಂ, ಉಳಿದಿದ್ದು ನೋಡೋರು ತುಂಬಿಕೊಳ್ತಾರೆ" ಅಂದರು. ಆಗ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಸುಮ್ನೆ ಇರುವುದಕ್ಕೆ ನಟಿ ಯಾಕೆ ಬೇಕು ಅನ್ನಿಸಿತ್ತು.

ಉತ್ತರ ಸಿಕ್ಕಿದ್ದು ಎರಡು ವರ್ಷದ ನಂತರ, ಇನ್ನೊಂದು ಸಿನಿಮಾದಲ್ಲಿ. ಅಲ್ಲೂ ತಾಯಿಯೇ. ಮಗಳು ಮನೆ ಬಿಟ್ಟು ಹೋಗುತ್ತೇನೆ ಅಂತ ಹೇಳುತ್ತಾಳೆ, ತಾಯಿ ಒಗೆದ ಬಟ್ಟೆ ಮಡಚುತ್ತಾ ಕೂತಿದ್ದಾಳೆ. ನಿರ್ದೇಶಕರು "ಆ ಮಾತು ಕೇಳಿದ ತಕ್ಷಣ ಕೈ ನಿಲ್ಲಲಿ" ಅಂದರು. ರಿಹರ್ಸಲ್‌ನಲ್ಲಿ ನಿಲ್ಲಿಸಿದೆ. ಅದು ನೂರು ಸಲ ನೋಡಿದ ಹಾಗಿತ್ತು. ಇನ್ನೊಂದು ಸಲ ಮಾಡುವಾಗ ನನ್ನ ಕೈಯಲ್ಲಿ ಇದ್ದದ್ದು ಅವಳದೇ ಅಂಗಿ. ಮಡಚಿ ಮುಗಿದಿತ್ತು. ಅವಳ ಮಾತು ಬಂತು. ನಾನು ಕೈ ನಿಲ್ಲಿಸದೆ ಆ ಅಂಗಿಯನ್ನು ಬಿಚ್ಚಿ, ತೋಳು ಒಳಗೆ ಹಾಕಿ, ಇನ್ನೊಂದು ಸಲ ಮಡಚಿದೆ. ಮೊದಲಿಗಿಂತ ಸಣ್ಣದಾಗಿ. ಮುಖದಲ್ಲಿ ಏನನ್ನೂ ಮಾಡಲಿಲ್ಲ. ನಿಜವಾಗಿ ಅವಳ ಮಾತನ್ನಷ್ಟೇ ಕೇಳುತ್ತಿದ್ದೆ. ನಿರ್ದೇಶಕರು ಮಾನಿಟರ್‌ನಿಂದ ಎದ್ದು ಬಂದು "ಇದನ್ನೇ ಮಾಡಿ" ಅಂದರು.

ಅಲ್ಲಿಂದ ಶುರುವಾಗಿದ್ದು ಕಂಟಿನ್ಯೂಟಿ ಕಷ್ಟ, ಅಂದರೆ ಎಲ್ಲ ಶಾಟ್‌ಗಳಲ್ಲೂ ಒಂದೇ ಥರ ಮಾಡುವ ಕಷ್ಟ. ಇಡೀ ಸೀನ್ ಕಾಣುವ ಮಾಸ್ಟರ್ ಶಾಟ್ ಆಯಿತು, ಅವಳ ಭುಜದ ಮೇಲಿಂದ ನನ್ನನ್ನು ತೋರಿಸುವ ಸಜೆಷನ್ ಶಾಟ್ ಆಯಿತು, ಆಮೇಲೆ ನನ್ನ ಕ್ಲೋಸ್, ಕೊನೆಗೆ ಕೈಯದ್ದೇ ಒಂದು ಶಾಟ್. ಪ್ರತಿ ಸಲವೂ ಅದೇ ಶಬ್ದಕ್ಕೆ ಅಂಗಿ ಬಿಚ್ಚಬೇಕು, ಅದೇ ಎಡಗಡೆ ತೋಳು ಮೊದಲು ಒಳಗೆ ಹೋಗಬೇಕು. ಇಲ್ಲದಿದ್ದರೆ ಶಾಟ್ ಜೋಡಣೆ ಆಗುವುದಿಲ್ಲ. ಅವತ್ತಿನಿಂದ ಸೀನ್ ಪೇಪರ್ ಮೇಲೆ ನನ್ನ ಮಾತಿಗಿಂತ ಎದುರಿನವರ ಮಾತಿಗೇ ಜಾಸ್ತಿ ಗುರುತು ಹಾಕಿಕೊಳ್ಳುತ್ತೇನೆ. ಯಾವ ಶಬ್ದಕ್ಕೆ ಲೋಟ ಕೆಳಗಿಟ್ಟೆ, ಯಾವ ಶಬ್ದಕ್ಕೆ ತಿರುಗಿದೆ, ಎಲ್ಲ ಪೆನ್ಸಿಲ್‌ನಲ್ಲಿ. ಕೈಯ ಕೆಲಸ ಹೀಗೆ ಗಟ್ಟಿಯಾದರೆ ಮನಸ್ಸು ಬಿಡುವಾಗಿರುತ್ತದೆ. ಆಗ ಏಳನೇ ಟೇಕ್‌ನಲ್ಲೂ ಆ ಮಾತನ್ನು ಹೊಸದಾಗಿ ಕೇಳಿಸಿಕೊಳ್ಳಬಹುದು.

ಧಾರಾವಾಹಿಯಲ್ಲಿ ಇಷ್ಟು ಪುರುಸೊತ್ತು ಎಲ್ಲಿ? ಬೆಳಿಗ್ಗೆ ಮೇಕಪ್ ಕುರ್ಚಿಯಲ್ಲಿ ಕೂತಾಗ ಸೀನ್ ಪೇಪರ್ ಕೈಗೆ ಬರುತ್ತದೆ. ಒಂದೇ ದಿನ ಮೂರು ಬೇರೆ ಎಪಿಸೋಡ್‌ಗಳ ಸೀನ್ ತೆಗೆಯುತ್ತಾರೆ, ಅದೂ ಹಿಂದುಮುಂದಾಗಿ. ಸಂಜೆ ಜಗಳ ಮೊದಲು, ಬೆಳಗಿನ ರಾಜಿ ಆಮೇಲೆ. ಅದಕ್ಕೆ ಒಂದು ನೋಟ್‌ಬುಕ್ ಇಟ್ಟೆ. ಪ್ರತಿ ಸೀನ್‌ಗೂ ಒಂದೇ ಸಾಲು: ಈ ಹೊತ್ತಿನಲ್ಲಿ ಇವಳಿಗೆ ಏನು ಗೊತ್ತು, ಏನು ಇನ್ನೂ ಗೊತ್ತಿಲ್ಲ. ಆ ಆಸ್ಪತ್ರೆ ಸೀನ್‌ನ ಪಾಠ ಅದು. ಸೊಸೆಯ ಗುಟ್ಟು 140ನೇ ಎಪಿಸೋಡ್‌ನಲ್ಲಿ ತಿಳಿಯುವುದಾದರೆ 138ರಲ್ಲಿ ನನ್ನ ಕಣ್ಣಿಗೆ ಅದು ಗೊತ್ತಿರಬಾರದು. ಟಿವಿಯಲ್ಲಿ ಪ್ರತಿಯೊಬ್ಬರ ರಿಯಾಕ್ಷನ್ ಬೇರೆ ಬೇರೆಯಾಗಿ ತೆಗೆಯುತ್ತಾರೆ. "ಮೇಡಂ, ಶಾಕ್ ಒಂದು ಕೊಡಿ, ಕೋಪ ಒಂದು ಕೊಡಿ" ಅಂತ ಕೇಳುತ್ತಾರೆ. ಎದುರಿಗೆ ಯಾರೂ ಇರುವುದಿಲ್ಲ. ಆಗ ಅಸಿಸ್ಟೆಂಟ್‌ಗೆ "ಆ ಒಂದು ಮಾತು ಓದಿಬಿಡಪ್ಪ" ಅಂತ ಕೇಳುತ್ತೇನೆ. ಹತ್ತು ಸೆಕೆಂಡಿನ ಕೆಲಸ, ಇದುವರೆಗೆ ಯಾರೂ ಇಲ್ಲ ಅಂದಿಲ್ಲ.

ಗ್ಲಿಸರಿನ್ ಬಗ್ಗೆ ತುಂಬ ಜನ ಕೇಳುತ್ತಾರೆ. ಬಳಸುತ್ತೇನೆ. ದಿನಕ್ಕೆ ನಾಲ್ಕು ಅಳುವ ಸೀನ್ ಇದ್ದರೆ ಬೇರೆ ದಾರಿ ಇಲ್ಲ, ಕಣ್ಣು ಉರಿಯುತ್ತದೆ ಅಷ್ಟೇ.

ತಡವಾಗಿ ಶುರು ಮಾಡಿದೆ ಅನ್ನುವ ಕೊರಗು ನನಗೆ ಬಹಳ ದಿನ ಇತ್ತು. ಅದು ಹೋಗಿದ್ದು ಅಮೆರಿಕದ ನಟಿ ಥೆಲ್ಮಾ ರಿಟರ್ ಬಗ್ಗೆ ಓದಿದ ಮೇಲೆ. 1902ರಲ್ಲಿ ಹುಟ್ಟಿದ ಆಕೆಗೆ 1947ರಲ್ಲಿ ಹಾಲಿವುಡ್‌ನಲ್ಲಿ ಒಂದು ಸಣ್ಣ ಪಾತ್ರ ಸಿಕ್ಕಿತು, ಟೈಟಲ್‌ನಲ್ಲಿ ಹೆಸರೂ ಇರಲಿಲ್ಲ. ಆಮೇಲೆ ಪೋಷಕ ನಟಿಯಾಗಿ 6 ಸಲ ಆಸ್ಕರ್‌ಗೆ ನಾಮನಿರ್ದೇಶನಗೊಂಡರು. ಒಂದು ಸಲವೂ ಬರಲಿಲ್ಲ, ಅದು ಬೇರೆ ಮಾತು. ನಿರ್ದೇಶಕ ಹಿಚ್‌ಕಾಕ್ ಅವರ 'ರಿಯರ್ ವಿಂಡೋ' ಸಿನಿಮಾದಲ್ಲಿ ಆಕೆ ನರ್ಸ್. ರೋಗಿಯ ಬೆನ್ನು ತಿಕ್ಕುತ್ತಾ ಮಾತಾಡುವ ಸೀನ್ ನೋಡಿ, ಕೈ ಮತ್ತು ಮಾತು ಒಂದಕ್ಕೊಂದು ಕಾಯುವುದೇ ಇಲ್ಲ. ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ.

ಒಂದು ನೋವು ಮಾತ್ರ ಇದೆ, ಹೇಳಿಬಿಡುತ್ತೇನೆ. ಒಂದು ಸಿನಿಮಾದಲ್ಲಿ ನನ್ನ ಅತಿ ಮುಖ್ಯವಾದ ಕ್ಲೋಸ್ ಇತ್ತು. ನಾಯಕ ನಟ ತನ್ನ ಶಾಟ್ ಮುಗಿದ ಕೂಡಲೇ ಹೊರಟುಹೋದರು. ಅವರ ಕ್ಲೋಸ್‌ಗೆ ನಾನು ಕ್ಯಾಮೆರಾ ಪಕ್ಕ ನಿಂತು ಪೂರ್ತಿ ಕ್ಯೂ ಕೊಟ್ಟಿದ್ದೆ, ಅಂದರೆ ನನ್ನ ಪಾತ್ರದ ಮಾತನ್ನೆಲ್ಲ ಅವರಿಗೆ ಹೇಳಿದ್ದೆ. ನನ್ನ ಸರದಿ ಬಂದಾಗ ಎದುರಿಗೆ ಲೆನ್ಸ್ ಪಕ್ಕ ಅಂಟಿಸಿದ ಒಂದು ಚೂರು ಟೇಪ್. "ಅವರು ಅಲ್ಲಿ ಇದ್ದಾರೆ ಅಂದ್ಕೊಳ್ಳಿ" ಅಂದರು. ಆ ಟೇಪ್ ನೋಡುತ್ತಾ, ಅವರು ಹಿಂದಿನ ಟೇಕ್‌ನಲ್ಲಿ ಹೇಳಿದ ಮಾತು, ಎಲ್ಲಿ ಉಸಿರು ತೆಗೆದುಕೊಂಡಿದ್ದರು ಅನ್ನುವುದು ಸಮೇತ ನೆನಪು ಮಾಡಿಕೊಂಡೆ. ಅವರ ಕ್ಲೋಸ್ ಹೊತ್ತಿಗೆ ಗಮನ ಕೊಟ್ಟು ಕೇಳಿದ್ದೆ, ಅದಕ್ಕೇ ನೆನಪಾಯಿತು. ಶಾಟ್ ಚೆನ್ನಾಗಿ ಬಂತು. ಆದರೂ ಆ ಟೇಪ್ ಇವತ್ತಿಗೂ ಕಣ್ಣ ಮುಂದೆ ಇದೆ.

ಹೋದ ತಿಂಗಳು ಒಬ್ಬ ಹುಡುಗಿಗೆ ನನ್ನ ಜೊತೆ ಮೊದಲ ಸೀನ್. ನನ್ನದು ಮಧ್ಯಾಹ್ನವೇ ಮುಗಿದಿತ್ತು, ಪ್ಯಾಕಪ್ ಅಂದರು. ಅವಳ ಕ್ಲೋಸ್ ಬಾಕಿ ಇತ್ತು. ಬೆವರುತ್ತಿದ್ದಳು, ಮಾತು ಮರೆಯುತ್ತಿದ್ದಳು. ಕುರ್ಚಿ ಬೇಡ ಅಂತ ಹೇಳಿ ಕ್ಯಾಮೆರಾ ಪಕ್ಕ ನಿಂತು ಕ್ಯೂ ಕೊಟ್ಟೆ. ಒಂಬತ್ತನೇ ಟೇಕ್‌ನಲ್ಲಿ ಅವಳು ತನ್ನ ಮಾತಿಗೆ ಕಾಯುವುದನ್ನು ಬಿಟ್ಟು ನನ್ನ ಮಾತು ಕೇಳಿದಳು.