ಕೇರೆ ಹಾವಿನ ಮೊಟ್ಟೆಗೆ ಗುಳಿ ಬಿದ್ದಾಗ

ಪುಣೆಯ ಕಾತ್ರಜ್ ಕಡೆ ಪಾಯ ತೋಡುವಾಗ ಸಿಕ್ಕ ಕೇರೆ ಮೊಟ್ಟೆಗಳು ಅರಣ್ಯ ಇಲಾಖೆಯ ಒಪ್ಪಿಗೆ ಮೇಲೆ ನಮ್ಮ ತಂಡಕ್ಕೆ ಬಂದವು. (1972ರ ವನ್ಯಜೀವಿ ಕಾಯ್ದೆ ಇದೆ, ಕೇರೆಯನ್ನು ಮನೆಯಲ್ಲಿ ಸಾಕುವ ಮಾತೇ ಇಲ್ಲ.) ಮೇ ತಿಂಗಳ ಒಣಹವೆ. ಕೆಲವೇ ದಿನದಲ್ಲಿ ಮೊಟ್ಟೆಗಳ ಮೇಲೆ ಹೆಬ್ಬೆರಳಿಂದ ಒತ್ತಿದ ಹಾಗೆ ಗುಳಿ ಬಿತ್ತು.

ಹಾವಿನ ಮೊಟ್ಟೆಯ ಸಿಪ್ಪೆ ಗಟ್ಟಿಯಲ್ಲ, ತೊಗಲಿನಂಥದ್ದು. ಸುತ್ತ ತೇವವಿದ್ದರೆ ನೀರು ಹೀರುತ್ತದೆ, ಇಲ್ಲದಿದ್ದರೆ ಒಳಗಿನದನ್ನೂ ಕಳೆದುಕೊಳ್ಳುತ್ತದೆ. ಮೇಲೆ ನೀರು ಚಿಮುಕಿಸಿ ಅಂದರು ಯಾರೋ. ಹಾಗೆ ಮಾಡಿದರೆ ಬೂಷ್ಟು ಹಿಡಿಯುತ್ತದೆ. ಮೊಟ್ಟೆ ಇಟ್ಟಿದ್ದ ಮರಳು ತೆಗೆದು, ನರ್ಸರಿಯಲ್ಲಿ ಸಿಗುವ, ನೀರು ಹಿಡಿದಿಡುವ ಹಗುರ ಖನಿಜವಾದ ವರ್ಮಿಕ್ಯುಲೈಟ್‌ಗೆ ಅದರಷ್ಟೇ ತೂಕದ ನೀರು ಕಲಸಿದೆವು. ಹಿಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ಮುಚ್ಚಳದ ಡಬ್ಬಿ, ಸಣ್ಣ ತೂತು, 28–30 ಡಿಗ್ರಿ ಶಾಖ. ಹೊರಳಿಸಬಾರದೆಂದು ಪ್ರತಿ ಮೊಟ್ಟೆಯ ನೆತ್ತಿಗೆ ಪೆನ್ಸಿಲ್ ಗುರುತು. ಅಂಟಿಕೊಂಡವನ್ನು ಬಿಡಿಸಲಿಲ್ಲ.

ಗುಳಿ ತುಂಬಿಕೊಂಡಿತು. ಒಂದು ಮಾತ್ರ ಹಳದಿಯಾಗಿ ನಾರಿತು, ಅದನ್ನು ಎತ್ತಿ ಬಿಸಾಕಿದೆವು.

ಎರಡು ತಿಂಗಳ ಸುಮಾರಿಗೆ ಸಿಪ್ಪೆ ಸೀಳಿತು. ಮರಿ ಮೂತಿ ಹೊರಗಿಟ್ಟು ಒಂದು ದಿನ ಹಾಗೇ ಇದ್ದರೂ ಗಾಬರಿಯಾಗಿ ಎಳೆಯಬೇಡಿ. ಮೊಟ್ಟೆಯಲ್ಲಿ ಉಳಿದ ಹಳದಿ ಲೋಳೆಯನ್ನು ಅದು ಆಗ ಒಳಗೆಳೆದುಕೊಳ್ಳುತ್ತಿರುತ್ತದೆ.